ಚಪ್ಪಲಿ ಗೂಡಿನ ಮೇಲಿನ ಲೋಟ

ಅಮ್ಮಾವರಿಗೆ,

ನಿಮ್ಮ ಅಡುಗೆಯವಳ ನಮಸ್ಕಾರ. ನಾಳೆಯಿಂದ ನಾನು ಕೆಲಸಕ್ಕೆ ಬರುವುದಿಲ್ಲ. ನಿಮ್ಮ ಬೀರುವಿನಲ್ಲಿರುವ ನನ್ನ ಪಾಸ್‌ಪೋರ್ಟನ್ನು ಡ್ರೈವರಣ್ಣನ ಕೈಲಿ ಕಳಿಸಿ.

ಕಾರಣ ಹೇಳದೆ ಹೋದರೆ ಉಂಡ ಮನೆಗೆ ಎರಡು ಬಗೆದಳು ಎನ್ನುತ್ತೀರಿ. ಕೇಳಿ. ಸಮುದ್ರ ದಾಟಿ ಬಂದರೂ ನೀವು ಆ ಡ್ರೈವರಣ್ಣನಿಗೆಂದು ಬೇರೆ ಲೋಟ ಮಾಡಿ, ಬಾಗಿಲಾಚೆ ಚಪ್ಪಲಿ ಗೂಡಿನ ಮೇಲೆ ಇಟ್ಟಿರಿ. ಅವನು ಈ ದೇಶದವನು, ಅವನಿಗೇನು ಗೊತ್ತು? ನನಗೆ ಗೊತ್ತಿತ್ತು. ನಮ್ಮಪ್ಪ ಊರ ಹೋಟೆಲಿನ ಹೊರಗೆ ನಿಂತು ಅಂಥದ್ದೇ ಲೋಟದಲ್ಲಿ ಕುಡಿದು, ತಾನೇ ತೊಳೆದಿಟ್ಟು ಬರುತ್ತಿದ್ದ. ಆ ಅಪ್ಪನ ಮಗಳು ಬೇಯಿಸಿದ್ದನ್ನೇ ನೀವು ಇಷ್ಟು ದಿನ ಚಪ್ಪರಿಸಿ ಉಂಡಿದ್ದು.

ಈ ಪರದೇಶದಲ್ಲಿ ನನಗೆ ಜ್ವರ ಬಂದಾಗ ಆಸ್ಪತ್ರೆ ಬಾಗಿಲಲ್ಲಿ ಕಾದವನು ಅವನೊಬ್ಬನೇ. ಮೊನ್ನೆ ಕಾರು ಒರೆಸುತ್ತಾ, ನಾನು ಕಲಿಸಿದ ಮಾತಿನಲ್ಲೇ ಹೇಳಿದ: "ತಂಗೀ, ನಾನು ಎಷ್ಟು ಮನೇಲಿ ದುಡಿದೆ! ನನಗೇ ಅಂತ ಒಂದು ಲೋಟ ಯಾರಿಟ್ಟಿದ್ರು ಹೇಳು? ನಮ್ಮನೆಯವಳಿಗಂತೂ ಹೊಟ್ಟೆಕಿಚ್ಚು!"

ಆ ಲೋಟದ ನಿಜ ಅವನಿಗೆ ಹೇಳಿದರೆ ಅವನು ಕುಡಿದ ಚಹಾವೆಲ್ಲ ವಿಷವಾಗುತ್ತದೆ. ಹೇಳದೆ ನಿಮ್ಮ ಒಲೆ ಮುಂದೆ ನಿಲ್ಲಲು ನನ್ನಿಂದ ಆಗದು.

ಭಾನುವಾರ ಅವನು ನಿಮ್ಮನ್ನು ಮನೆಗೆ ಕರೆಯುತ್ತಾನೆ. ಮರ್ಯಾದೆಗೆ ಮರ್ಯಾದೆ ಎಂದು ಗಂಡಹೆಂಡತಿ ನಿಮಗೊಂದು ಹೊಸ ಲೋಟ ತಂದಿದ್ದಾರೆ. ನಿಮ್ಮ ಪದ್ಧತಿ ತಪ್ಪಬಾರದೆಂದು ಅದನ್ನೂ ತಮ್ಮ ಮನೆಯ ಚಪ್ಪಲಿ ಗೂಡಿನ ಮೇಲೆಯೇ ಇಟ್ಟಿದ್ದಾರೆ.

ಹೋಗಿ ಅಮ್ಮಾವರೇ. ಅಲ್ಲಿಂದಲೇ ಎತ್ತಿಕೊಂಡು ಕುಡಿಯಿರಿ. ಕುಡಿದ ಮೇಲೆ ನೀವೇ ತೊಳೆದಿಡಿ.

ಇಂತಿ,
ನಿಮ್ಮ ಅಡುಗೆಯವಳಾಗಿದ್ದವಳು