ಮೈಕು ಆರಿಸದೆ ಮಾಡಿದ ಪ್ರಾರ್ಥನೆ

ಗುರುವಾರ, ಜೂನ್ ೧೨

ಪ್ರೀತಿಯ ಅಕ್ಕನಿಗೆ,

ತಂಗಿಯ ನಮಸ್ಕಾರ. ಇವತ್ತು ನನಗೆ ಉಪವಾಸ. ನೆಲ ಒರೆಸಿ, ಬಟ್ಟೆ ಒಣಹಾಕಿ, ಯಜಮಾನರಿಗೆ ಡಬ್ಬಿ ಕಟ್ಟಿಕೊಟ್ಟು ಈಗ ಕೂತೆ. ಒಂದೇ ಊರಿನಲ್ಲಿದ್ದೂ ಒಂಬತ್ತು ವರ್ಷದಿಂದ ನಿನಗೆ ಒಂದು ಸಾಲು ಬರೆಯಲಿಲ್ಲ. ತಪ್ಪು ನನ್ನದೇ, ಹೊಟ್ಟೆಗೆ ಹಾಕಿಕೋ.

ಮೊದಲು ಸುದ್ದಿ. ನನ್ನ ಪದ್ಯಗಳು ಒಂದು ಆಲ್ಬಮ್ ಆಗುತ್ತಿವೆ. ನಗಬೇಡ. ಮಹಡಿ ಮೇಲೆ ಬಾಡಿಗೆಗಿರುವ ಹುಡುಗಿ ಕಂಪ್ಯೂಟರಿನಲ್ಲಿ ಸಂಗೀತ ಮಾಡುತ್ತಾಳೆ. ತಾಳವಿಲ್ಲ, ಹಾಡೂ ಇಲ್ಲ. ಒಂದೇ ಸ್ವರ ಗುಂಯ್ ಎಂದು ಎಳೆದುಕೊಂಡು ಹೋಗುತ್ತದೆ, ನಡುನಡುವೆ ನಮ್ಮ ನಲ್ಲಿಯ ಹನಿ, ಫ್ಯಾನಿನ ಸದ್ದು. ಅದಕ್ಕೇ ಅವಳನ್ನು ದುಂಬಿ ಎಂದು ಕರೆಯುತ್ತೇನೆ. ಯಜಮಾನರು ಮೊದಲ ಸಲ ಕೇಳಿ, "ಮಿಕ್ಸಿ ಕೆಟ್ಟಿದೆಯೇನೇ?" ಎಂದರು. ಕ್ಯಾಲೆಂಡರ್ ಹಾಳೆಗಳ ಬೆನ್ನಿಗೆ ಬರೆದಿಟ್ಟ ಪದ್ಯಗಳನ್ನು ನಾನು ಓದಿದರೆ, ಅವಳು ಅವುಗಳ ಕೆಳಗೆ ಆ ಸದ್ದನ್ನು ಹಾಸುತ್ತಾಳೆ. ಶಾಲೆಯಲ್ಲಿ ಕಲಿತ ಹಾಗೆ ರಾಗ ಎಳೆದದ್ದಕ್ಕೆ, ಹಾಡಬೇಡಿ ಆಂಟಿ, ತರಕಾರಿಯವನ ಹತ್ತಿರ ಮಾತಾಡುವ ಹಾಗೆ ಹೇಳಿ ಎಂದಳು. ಬಟ್ಟೆ ಬೀರುವಿನೊಳಗೆ ಮೈಕು ಇಟ್ಟು, ನನ್ನ ತಲೆಗೆ ರಜಾಯಿ ಹೊದಿಸಿ ಎಂಟು ಪದ್ಯ ಹೇಳಿಸಿದಳು. ಬೆವರಿ ನೀರಾದೆ. ಆದರೂ ಕೇಳಿದಾಗ, ನನ್ನ ಮಾತಿಗೂ ನಿಲ್ಲಲು ಒಂದಿಷ್ಟು ನೆಲ ಸಿಕ್ಕಿತಲ್ಲ ಅನ್ನಿಸಿತು.

ಈಗ ವಿಷಯಕ್ಕೆ ಬರುತ್ತೇನೆ. ಪ್ರತಿ ಪದ್ಯ ಮುಗಿದ ಮೇಲೂ ಅಭ್ಯಾಸಬಲದಿಂದ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುತ್ತಿದ್ದೆ. ಮೈಕು ನಡೆಯುತ್ತಲೇ ಇತ್ತಂತೆ. ದೇವರೇ, ಅಮ್ಮನಿಗೆ ಶಾಂತಿ ಕೊಡು, ಮಗಳನ್ನು ಕಾಪಾಡು, ಯಜಮಾನರ ಮಂಡಿ ನೋಡಿಕೋ, ಎದುರುಮನೆ ಟೈಲರನ ಕೆಮ್ಮು ನಿಲ್ಲಿಸು, ಹೀಗೆ ಎಲ್ಲರೂ ಬಂದಿದ್ದಾರೆ. ದುಂಬಿಗೆ ಅದೇ ಹಿಡಿಸಿ, ಆಲ್ಬಮ್ಮಿನ ಕೊನೆಗೆ ಅದನ್ನೇ ಇಡಬೇಕೆಂದು ಹಟ. ನಿನ್ನೆ ನನಗೆ ಕೇಳಿಸಿದಳು.

"ಆಂಟಿ, ಎಂಟು ಸಲಾನೂ ಅಮ್ಮ ಅಂದಮೇಲೆ ಉಸಿರು ಹಿಡಿದು ನಿಲ್ತೀರ. ಆಮೇಲೇ ಮಗಳು. ಅಲ್ಲಿ ಯಾರಿದಾರೆ?"

ಎದ್ದು ಕೆಳಗೆ ಬಂದೆ. ಅಲ್ಲಿರುವವಳು ನೀನು, ಅಕ್ಕ. ಎಲ್ಲರಿಗಾಗಿ ಬೇಡಿಕೊಳ್ಳುತ್ತೇನೆ ಎಂದೇ ಇಷ್ಟು ವರ್ಷ ನಂಬಿದ್ದೆ. ನಾನೇ ಕಿವಿಯಾರೆ ಕೇಳಿದೆ: ಬಾಯಿ ನಿನ್ನ ತನಕ ಬಂದು, ದಾಟಿಕೊಂಡು ಹೋಗುತ್ತದೆ.

ದೇವರು ನಿನ್ನನ್ನೂ ಮಕ್ಕಳನ್ನೂ ತಣ್ಣಗಿಟ್ಟಿರಲಿ.

ನಿನ್ನ ತಂಗಿ

ತಾ.ಕ.: ಇದು ಮರೆತು ಉಳಿದದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಅಮ್ಮ ದಿಢೀರನೆ ಹೋದಳು ಎಂದು ನಿನಗೆ ಹೇಳಿದ್ದೆ. ಸುಳ್ಳು. ಹಿಂದಿನ ದಿನ ಬೆಳಗ್ಗೆಯೇ, "ದೊಡ್ಡವಳನ್ನ ಕರೆಸೇ" ಎಂದಳು. ಮಧ್ಯಾಹ್ನ ಮತ್ತೊಮ್ಮೆ ಕೇಳಿದಳು. ನಾಲ್ಕು ತಿಂಗಳು ಒಬ್ಬಳೇ ಅವಳ ಹಾಸಿಗೆ ಬದಲಿಸಿದ ಸಿಟ್ಟು ನನಗೆ. ಈಗ ಬಂದು ಒಳ್ಳೆಯವಳಾಗುವುದೇನು ಎಂದುಕೊಂಡು ನಿನಗೆ ಹೇಳಿಕಳಿಸಲಿಲ್ಲ. ಕೊನೆಗಾಲಕ್ಕೂ ಬರಲಿಲ್ಲ ಎಂದು ನೆಂಟರು ನಿನ್ನನ್ನು ಆಡಿಕೊಂಡಾಗಲೂ ಬಾಯಿ ಬಿಡಲಿಲ್ಲ. ಇದನ್ನು ನಿನಗೆ ತಿಳಿಸದೆ ನಿನ್ನ ಹೆಸರು ಹಿಡಿದು ದೇವರನ್ನು ಕೇಳುವ ಮುಖ ನನಗಿಲ್ಲ.

ಸೋಮವಾರ ಕೊನೆಯ ರೆಕಾರ್ಡಿಂಗ್. ಪ್ರಾರ್ಥನೆಯಲ್ಲಿ ನಿನ್ನ ಹೆಸರು ಹೇಳಲೋ, ಬೇಡವೋ? ಈ ಕಾಗದ ತಂದವಳೇ ದುಂಬಿ. ಭಾನುವಾರ ಸಂಜೆ ಮತ್ತೆ ಹೋಗಿ ಉತ್ತರ ತಂದುಕೊಡಮ್ಮ ಎಂದು ಅವಳನ್ನು ಕೇಳಿಕೊಂಡಿದ್ದೇನೆ. ಬೇಡ ಎಂದಾದರೂ ಬರೆದುಕೊಡು, ಬರಿಗೈಯಲ್ಲಿ ಕಳಿಸಬೇಡ.