ಹಳೆ ಬಾಗಿಲ ಮೇಲೆ ಏಳು ವ್ಯಾಗನ್

ಸೆಪ್ಟೆಂಬರ್ 7, 2025, ಭಾನುವಾರ. ಸಂಜೆ 5.20

ಸಾರಿ. ಬರೆಯುವಂಥದ್ದು ಏನೂ ಆಗಿಲ್ಲ, ಆದರೂ ಬರೆಯುತ್ತಿದ್ದೇನೆ. ಸ್ಕೂಲ್ ಹಾಸ್ಟೆಲ್‌ನಲ್ಲಿ ಶನಿವಾರ ಶನಿವಾರ ಡೈರಿ ಚೆಕ್ ಆಗುತ್ತಿತ್ತು, ಕೆಳಗೆ ಕೆಂಪು ಟಿಕ್. ಇದನ್ನು ಯಾರೂ ನೋಡುವುದಿಲ್ಲ. ಯಾರೂ ನೋಡದ ಪುಸ್ತಕಕ್ಕೂ ಸಾರಿ ಕೇಳಿದೆ... ಹಾಸ್ಟೆಲ್ ಚಾಳಿ.

ಟ್ರ್ಯಾಕ್ ಕ್ಲೀನಿಂಗ್ ಈಗ ಮುಗಿಯಿತು. ದಿನಾ ಮಾಡಲೇಬೇಕು. ನಮ್ಮ ಚಿತ್ತವಾಡ್ಗಿಯಲ್ಲಿ ಕಿಟಕಿ ತೆಗೆದರೂ ಧೂಳು, ಮುಚ್ಚಿದರೂ ಧೂಳು. ಹಳಿಯ ಮೇಲೆ ಬಟ್ಟೆ ಎಳೆದರೆ ಬಟ್ಟೆ ಕೆಂಪು. ಕರೆಂಟು ಹಳಿಯಿಂದ ಚಕ್ರಕ್ಕೆ, ಚಕ್ರದಿಂದ ಮೋಟರಿಗೆ ಹೋಗಬೇಕು. ನಡುವೆ ಧೂಳು ಕೂತರೆ ಇಂಜಿನ್ ಬಿಕ್ಕುತ್ತದೆ.

ನನ್ನ ರೈಲ್ವೆ ಇಷ್ಟೇ: ಓವಲ್ ಹಳಿ, ಹಳಿ ಕವಲೊಡೆಯಲು ಒಂದು ಪಾಯಿಂಟ್, ಅಂಗೈಗಿಂತ ತುಸು ಉದ್ದದ ಡೀಸೆಲ್ ಇಂಜಿನ್, ಮೇಲೆ ಮುಚ್ಚಳ ಇಲ್ಲದ ವ್ಯಾಗನ್ ಏಳು. ಸೈನ್ಸ್ ಕ್ಲಬ್ಬಿನ ವಿಜಯಕುಮಾರ್ ಸರ್ ರಿಟೈರ್ ಆಗುವಾಗ ನನಗೆ ಕೊಟ್ಟದ್ದು. ಕೆಳಗೆ ಹಿತ್ತಲಲ್ಲಿ ಬಿದ್ದಿದ್ದ ಹಳೆ ಬಾಗಿಲು, ಎರಡು ಸ್ಟೂಲ್ ಮೇಲೆ ಅಡ್ಡ ಹಾಕಿದ್ದೇನೆ. ಚಿಲಕದ ತೂತಿನಲ್ಲಿ ವೈರ್ ಇಳಿಸಿದೆ. ಡ್ರಿಲ್ಲಿಂಗ್ ಉಳಿಯಿತು.

ಅವ್ವ ಕಂಪ್ಲಿಯಲ್ಲಿದ್ದಾಳೆ, ಚಿಕ್ಕಮ್ಮನ ಬಾಣಂತನಕ್ಕೆ. ದಸರೆ ಆದ ಮೇಲೆ ಬರುತ್ತಾಳೆ. ಅಲ್ಲಿಯವರೆಗೆ ಮನೆಯಲ್ಲಿ ನಾನು ಮತ್ತು ಅಪ್ಪ. ಆರನೇ ಕ್ಲಾಸಿನಿಂದ ಪಿಯುಸಿವರೆಗೆ ಏಳು ವರ್ಷ ನಾನು ಹಾಸ್ಟೆಲ್. ರಜೆಗೆ ಬರುತ್ತಿದ್ದೆ, ಗೆಸ್ಟ್ ಥರ. ಈಗ ಇದೇ ಊರಿನ ಕಾಲೇಜಿನಲ್ಲಿ ಬಿ.ಇ. ಸೀಟು ಸಿಕ್ಕಿ ಮನೆಯಲ್ಲಿದ್ದೇನೆ. ಇಲ್ಲಿ ಬೆಲ್ ಇಲ್ಲ. ಊಟ ಯಾವಾಗ, ಓದು ಯಾವಾಗ, ಅಪ್ಪ ಇರುವಾಗ ಎಲ್ಲಿ ಕೂರಬೇಕು... ಯಾರೂ ಹೇಳುವುದಿಲ್ಲ. ಸುಮ್ಮನೆ ಕೂತರೂ ಎದೆ ಡವಡವ.

ಹಾಗಾಗಿ ಕಾಲೇಜ್ ಹಾಸ್ಟೆಲ್‌ಗೆ ಅಪ್ಲೈ ಮಾಡಿದ್ದೇನೆ. ಮನೆಯಲ್ಲಿ ಹೇಳಿಲ್ಲ. ವೇಟಿಂಗ್ ಲಿಸ್ಟ್ ನಂಬರ್ 4.

ಸೆಪ್ಟೆಂಬರ್ 10, ಬುಧವಾರ. ಸಂಜೆ

ಅಪ್ಪ ಫಸ್ಟ್ ಶಿಫ್ಟ್ ಮುಗಿಸಿ ಬಂದಿದ್ದರು. ನನ್ನ ರೂಮಿನ ಹೊಸ್ತಿಲ ಆಚೆ ನಿಂತು ಐದು ನಿಮಿಷ ನೋಡಿದರು. ಗಾಡಿ ಸುತ್ತುತ್ತಲೇ ಇತ್ತು.

"ಯಾವೂರಿಗೆ ಹೊಂಟೈತಿ ಇದು?"

"ಯಾವ ಊರಿಗೂ ಇಲ್ಲ ಅಪ್ಪ. ಓವಲ್ ಅಷ್ಟೇ."

"ಹಂಗಾರ ಡ್ರೈವರ್ ಮನಿಗೆ ಯಾವಾಗ ಹೋಗ್ಬೇಕು?"

ನಗಬೇಕೋ ಬೇಡವೋ ತಿಳಿಯಲಿಲ್ಲ. "ನೀವು ಊಟ ಮಾಡ್ತೀರಾ?" ಅಂದೆ.

"ಮಾಡ್ತೀರಾ ಅಂತ! ನಾನೇನು ನಿಮ್ ಪ್ರಿನ್ಸಿಪಾಲ?" ಅಂದು ಕೈಕಾಲು ತೊಳೆಯಲು ಹೋದರು.

ಅವ್ವನಿಗೆ ನೀನು, ಅಪ್ಪನಿಗೆ ನೀವು. ಯಾವಾಗ ಶುರುವಾಯಿತೋ ನೆನಪಿಲ್ಲ.

ಸೆಪ್ಟೆಂಬರ್ 14, ಭಾನುವಾರ. ಮಧ್ಯಾಹ್ನ 3.00

ಅಪ್ಪ ಒಳಗೆ ಬಂದರು ಇವತ್ತು. ಚಪ್ಪಲಿ ಹೊರಗೆ ಬಿಟ್ಟು, ದೇವರ ಕೋಣೆಗೆ ಬರುವ ಹಾಗೆ.

ಅಪ್ಪ ತೋರಣಗಲ್ಲಿನ ಸ್ಟೀಲ್ ಕಂಪನಿಯಲ್ಲಿ ಕಾಂಟ್ರಾಕ್ಟ್ ಕೆಲಸಗಾರ. ಸಂಡೂರು ಕಡೆಯಿಂದ ಬಂದ ಅದಿರಿನ ವ್ಯಾಗನ್‌ಗಳನ್ನು ಮಷೀನು ಒಂದೊಂದಾಗಿ ಬೋರಲು ಹಾಕಿ ಖಾಲಿ ಮಾಡುವ ಜಾಗದಲ್ಲಿ. ಗಾಡಿಯ ವಿಷಯದಲ್ಲಿ ಅವರು ಸುಮ್ಮನಿರುವವರಲ್ಲ ಅಂತ ಇವತ್ತು ಗೊತ್ತಾಯಿತು.

"ಖಾಲಿ ವ್ಯಾಗನ್ನೆಲ್ಲ ಮೇನ್ ಲೈನ್‌ನ್ಯಾಗ ನಿಂದ್ರಸೀದಿ. ಹಿಂದಿನ ಗಾಡಿ ಏನ್ ನಿನ್ ತಲಿ ಮ್ಯಾಲೆ ಹಾದು ಹೋಗ್ಬೇಕಾ?"

"ಹಿಂದೆ ಗಾಡಿ ಇಲ್ಲ ಅಪ್ಪ. ಇಂಜಿನ್ ಒಂದೇ."

"ಇವತ್ತಿಲ್ಲ. ನಾಳಿ ಬಂದ್ರ?"

ಸರಿ ಅಂತ ಸೈಡಿಂಗ್ ಹಾಕಿದೆವು, ಗಾಡಿ ಪಕ್ಕಕ್ಕೆ ನಿಲ್ಲಿಸುವ ಕವಲು ಹಳಿ. ಅವರು ದಾರ ಹಿಡಿದು ಗೆರೆ ಎಳೆದರು, ನಾನು ಹಳಿ ಕೂಡಿಸಿದೆ. ಅವರ ಗೆರೆ ನನ್ನ ಸ್ಕೇಲಿಗಿಂತ ನೇರ. ಕಾಲುವೆ ದಂಡೆಯಿಂದ ತಂದ ಕಲ್ಲುಗಳನ್ನು ಮೂಲೆಯಲ್ಲಿ ಅಂಟಿಸುವಾಗ ಮತ್ತೆ ತಕರಾರು:

"ಹಂಪಿ ಬಂಡಿಗಲ್ಲು ಹಂಗ ಇಡಬೇಕವ್ವಾ. ಈಗ ಬಿತ್ತು, ಆಗ ಬಿತ್ತು ಅನ್ನಂಗ ಇರಬೇಕು. ಬೀಳಬಾರ್ದು."

ನಡುವೆ ಅವ್ವನ ಫೋನ್. "ಏನ್ ಮಾಡಾಕ ಹತ್ತೀರಿ ಇಬ್ರೂ?"

"ರೈಲು ಬಿಡ್ತಿದ್ದೀವಿ."

"ನನ್ ಮುಂದ ರೈಲು ಬಿಡಬ್ಯಾಡ, ಖರೇ ಹೇಳು. ಅನ್ನಕ್ಕಿಟ್ಟೀರಿಲ್ಲ?"

ಇಟ್ಟಿರಲಿಲ್ಲ. ಅಪ್ಪ ಬಾಯಿಗೆ ಬಟ್ಟೆ ಒತ್ತಿಕೊಂಡು ನಗುತ್ತಿದ್ದರು.

ಸೆಪ್ಟೆಂಬರ್ 19, ಶುಕ್ರವಾರ. ಬೆಳಿಗ್ಗೆ 7.15

ವೇಟಿಂಗ್ ಲಿಸ್ಟ್ ನಂಬರ್ 1. ಖುಷಿಯಾಗಬೇಕಿತ್ತು. ಆಗಲಿಲ್ಲ. ಮ್ಯಾಥ್ಸ್ ಇಂಟರ್ನಲ್ ಇರುವುದಕ್ಕೆ ಇರಬಹುದು.

ಅಪ್ಪನಿಗೆ ಇನ್ನೂ ಹೇಳಿಲ್ಲ. ಹೇಗೆ ಶುರು ಮಾಡಬೇಕು? ಇಂಗ್ಲಿಷ್‌ನಲ್ಲಾದರೆ ಎರಡು ಸಾಲು.

ಸೆಪ್ಟೆಂಬರ್ 24, ಬುಧವಾರ. ಸಂಜೆ 6.10

ಅಕ್ಷರ ನೆಟ್ಟಗಿಲ್ಲ.

ಕಾಲೇಜಿನಿಂದ ಬಂದೆ. ಮನೆ ತುಂಬ ಸುಟ್ಟ ವಾಸನೆ. ನನ್ನ ರೂಮಿನಲ್ಲಿ ಅಪ್ಪ, ಕೈಯಲ್ಲಿ ಚಮಚ. ಏಳೂ ವ್ಯಾಗನ್ ತುಂಬಿದ್ದರು. ನಿಜವಾದ ಅದಿರಿನ ಪುಡಿ, ಗೋಪುರ ಗೋಪುರವಾಗಿ. ಅರ್ಧ ಸುತ್ತು ಹೋಗುವಷ್ಟರಲ್ಲಿ ಹಳಿಯ ತುಂಬ ಚೆಲ್ಲಿದೆ. ಇಂಜಿನ್ ಪಕ್ಕಕ್ಕೆ ಬಿದ್ದಿದೆ, ಮುಟ್ಟಿದರೆ ಸುಡುತ್ತದೆ. ಚಕ್ರ ತಿರುಗುವುದಿಲ್ಲ.

"ನೋಡವ್ವಾ, ಮೊದಲ ಛಲೋ ಎಳೀತು, ಆಮ್ಯಾಲೆ..." ಅಂದರು.

ನಾನು ಕೂಗಿದೆ. ಇಂಗ್ಲಿಷ್‌ನಲ್ಲಿ. ಹೂ ಟೋಲ್ಡ್ ಯೂ ಟು ಟಚ್ ಮೈ ಥಿಂಗ್ಸ್? ಹಾಸ್ಟೆಲ್‌ನಲ್ಲಿ ಲಾಕರ್ ಮುಟ್ಟಿದವರಿಗೆ ಕೂಗುತ್ತಿದ್ದೆವಲ್ಲ, ಅದೇ ದನಿ, ಅದೇ ವಾಕ್ಯ. ಅಪ್ಪನಿಗೆ ಅರ್ಥವಾಗದು ಅಂದುಕೊಂಡಿದ್ದೆನೋ ಏನೋ. ಅರ್ಥವಾಯಿತು. ಚಮಚವನ್ನು ಮೆಲ್ಲಗೆ ಕೆಳಗಿಟ್ಟರು, ಸದ್ದಾಗದ ಹಾಗೆ. ಹೊರಗೆ ಹೋದರು.

ಸೆಪ್ಟೆಂಬರ್ 25, ಗುರುವಾರ. ಬೆಳಿಗ್ಗೆ 8.00

ವಾರ್ಡನ್ ಮೇಡಂ ಮೇಲ್. ಹಾಸ್ಟೆಲ್ ಸೀಟು ಸಿಕ್ಕಿದೆ. ಬೇಕೋ ಬೇಡವೋ ತಿಳಿಸಬೇಕು, ಅಕ್ಟೋಬರ್ 4ರ ಮಧ್ಯಾಹ್ನ ಲಿಸ್ಟ್ ಫೈನಲ್.

ಐ ಅಕ್ಸೆಪ್ಟ್ ಅಂತ ಬರೆದು ಕಳಿಸಿದೆ. ಒಂದು ನಿಮಿಷವೂ ಹಿಡಿಯಲಿಲ್ಲ.

ಸೆಪ್ಟೆಂಬರ್ 28, ಭಾನುವಾರ. ಮಧ್ಯಾಹ್ನ 1.30

ಎರಡು ದಿನ ಬರೆದಿಲ್ಲ. ಅಪ್ಪ ಸೆಕೆಂಡ್ ಶಿಫ್ಟ್‌ಗೆ ಬದಲಾಯಿಸಿಕೊಂಡಿದ್ದಾರೆ. ನಾನು ಬರುವಷ್ಟರಲ್ಲಿ ಅವರಿಲ್ಲ. ಅನ್ನ, ಪುಂಡಿಪಲ್ಯ ಮಾಡಿ ಮುಚ್ಚಿಟ್ಟಿರುತ್ತಾರೆ. ಅದಿರು ಚೆಲ್ಲಿದ್ದು ಹಾಗೇ ಇದೆ, ಗುಡಿಸಿಲ್ಲ. ಮುಟ್ಟಿಲ್ಲ.

ಇವತ್ತು ಇಂಜಿನ್ ಕರ್ಚೀಫಿನಲ್ಲಿ ಸುತ್ತಿಕೊಂಡು ಅಂಜಿನಯ್ಯನ ಅಂಗಡಿಗೆ ಹೋದೆ. ಫ್ಯಾನು, ಪಂಪ್‌ಸೆಟ್ ಮೋಟರ್ ರಿಪೇರಿ ಮಾಡುವವನು. ಗಂಟು ಬಿಚ್ಚುವ ಮೊದಲೇ:

"ಹೊನ್ನೂರುಸ್ವಾಮಿ ಮಗಳೇನು? ಬಾ ಬಾ. ರೋಗಿ ಈಗ ಬಂತು ನೋಡು!"

ನನಗೆ ಅರ್ಥವಾಗಲಿಲ್ಲ.

"ಗುರುವಾರ ನಿಮ್ಮಪ್ಪ ಬಂದಿದ್ದ, ಕೈ ಬೀಸ್ಕೋತ. ಬಾಯಾಗ ಹೇಳ್ತಾನ: ಹಿಂಗ ಇಷ್ಟುದ್ದ ಐತಿ, ಮೊದಲ ಗುರ್ ಅಂತು, ಆಮ್ಯಾಲೆ ಕಿರ್ ಅಂತು, ಹೊಗಿ ಬಂತು. ತಗಂಡ್ ಬಾರಲೇ ಮಾರಾಯ ಅಂದೆ. ಇಲ್ಲ, ಮಗಳ ಸಾಮಾನು, ಕೇಳಲಾರ್ದ ಮುಟ್ಟಂಗಿಲ್ಲ ಅಂದ. ರೋಗಿನ್ನ ಮನ್ಯಾಗ ಮಲಗ್ಸಿ ಬಂದು ಗುಳಿಗಿ ಕೊಡು ಅಂದ್ರ ಯಾವ ಡಾಕ್ಟ್ರು ಕೊಡ್ತಾನವ್ವಾ?"

ನಾನು ಸ್ಕ್ರೂ ಡಬ್ಬಿಯನ್ನೇ ನೋಡುತ್ತ ನಿಂತೆ. ತಲೆ ಎತ್ತಲಾಗಲಿಲ್ಲ.

ಅವನು ಬಾಡಿ ಬಿಚ್ಚಿದ. ಮೋಟರಿನ ಅಯಸ್ಕಾಂತಕ್ಕೆ ಅದಿರಿನ ಪುಡಿ ಅಂಟಿ ನವಿರು ನವಿರಾಗಿ ನಿಂತಿತ್ತು. "ಗಡ್ಡ ಬಿಟ್ಟೈತಿ ನೋಡು ನಿನ್ ಇಂಜಿನ್ನು. ಅಯಸ್ಕಾಂತದ ಮುಂದ ಕಬ್ಬಿಣದ ಪುಡಿ! ಮೂವತ್ತು ವರ್ಷ ಆತು ಮೋಟ್ರು ಬಿಚ್ಚಾಕ ಹತ್ತಿ, ಇದನ್ನ ನೋಡಿದ್ದಿಲ್ಲ." ಮೀಟರ್ ಹಚ್ಚಿದ. ಕೀಂ ಅಂತು. "ವೈಂಡಿಂಗ್ ಸುಟ್ಟಿಲ್ಲ. ಪುಣ್ಯ ಮಾಡೀದಿ. ಚಪಾತಿ ಹಿಟ್ಟು ನಾದು, ಒತ್ತಿ ಒತ್ತಿ ತಗಿ. ಊದಬ್ಯಾಡ ಮತ್ತ, ಒಳಗ ಹೋಗ್ತೈತಿ. ತಾಳ್ಮಿ ಬೇಕು. ನನಗಿಲ್ಲ, ನಿಮ್ಮಪ್ಪಗ ಐತಿ."

ಅಕ್ಟೋಬರ್ 1, ಬುಧವಾರ, ಆಯುಧ ಪೂಜೆ. ಮಧ್ಯಾಹ್ನ 12.40

ಎಲ್ಲ ಬರೆಯುತ್ತೇನೆ. ಮರೆಯಬಾರದು.

ಅಪ್ಪನಿಗೆ ರಜೆ. ಬೆಳಿಗ್ಗೆ ಅಂಗಳದಲ್ಲಿ ಬೈಕ್ ತೊಳೆದು ನಿಲ್ಲಿಸಿ, ಗೋಣಿಚೀಲದ ಮೇಲೆ ಸಾಲಾಗಿ ಸ್ಪ್ಯಾನರ್, ಸುತ್ತಿಗೆ, ಹೆಲ್ಮೆಟ್, ಅವ್ವನ ಮಿಕ್ಸಿ, ಈಳಿಗೆ. ನನ್ನ ಕ್ಯಾಲ್ಕುಲೇಟರ್ ಕೂಡ ಇತ್ತು. ಟೇಬಲ್ ಮೇಲಿಂದ ನಾನೇ ಬೆಳಿಗ್ಗೆ "ಇದನ್ನೂ ಇಡಿ" ಅಂತ ಕೊಟ್ಟದ್ದು. ಇಂಜಿನ್ ಇರಲಿಲ್ಲ. ಅಪ್ಪ ಕೇಳಲೂ ಇಲ್ಲ.

ಒಳಗೆ ಹೋಗಿ ಇಂಜಿನ್ ತಂದು ಮಿಕ್ಸಿಯ ಪಕ್ಕ ಇಟ್ಟೆ. "ಇದಕ್ಕೂ."

ಅಪ್ಪ ಕೈಯನ್ನು ಪಂಚೆಗೆ ಒರೆಸಿಕೊಂಡರು. "ಮುಟ್ಟಲೇನು?"

ಅಷ್ಟೇ. ಒಂದೇ ಒಂದು ಮಾತು. ಅಳು ಬಂತು, ತಡೆಯಲಿಲ್ಲ. ಹಾಸ್ಟೆಲ್‌ನಲ್ಲಿ ಬಾತ್‌ರೂಮಿನ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದೆವು, ಇಲ್ಲಿ ಬಟಾಬಯಲು. ತಪ್ಪಾಯ್ತು ಅಂದೆ. ಕನ್ನಡದಲ್ಲೇ.

"ಬಿಡು. ನಾನೂ ಕೇಳಬೇಕಿತ್ತು," ಅಂದರು. ಕುಂಕುಮದ ಬಟ್ಟಲು ಹಿಡಿದವರು ಅಲ್ಲೇ ನಿಂತರು. "ಇದೂ ಪುಡಿನ. ಮತ್ತ ಒಳಗ ಹೋದ್ರ?" ಗಂಧ ತೇಯ್ದು ತಂದು ಇಂಜಿನ್ ಮೂತಿಗೆ ಒಂದೇ ಒಂದು ಬೊಟ್ಟು ಇಟ್ಟರು. ಇಬ್ಬರಿಗೂ ನಗು.

ಪೂಜೆ ಆದಮೇಲೆ ಹಿಟ್ಟು ನಾದಿಕೊಂಡು ಕೂತೆವು. ಅಪ್ಪ ಚಿಟಿಕೆ ಹಿಟ್ಟನ್ನು ಬತ್ತಿಯ ಹಾಗೆ ಹೊಸೆದು, ಅಯಸ್ಕಾಂತಕ್ಕೆ ಒತ್ತಿ, ತೆಗೆದು, ಹಿಟ್ಟಿಗೆ ಹತ್ತಿದ ಪುಡಿ ನನಗೆ ತೋರಿಸಿ, ಮತ್ತೆ ಒತ್ತಿ. ಕಣ್ಣು ಅದರ ಮೇಲೇ ಇಟ್ಟುಕೊಂಡು ಮಾತಾಡಿದರು.

"ಹದಿನಾಲ್ಕು ವರ್ಷ ಆತು. ತುಂಬಿದ ಗಾಡಿ ಬರ್ತಾವು, ನಾವು ಖಾಲಿ ಮಾಡ್ತೀವಿ. ಮತ್ತ ಬರ್ತಾವು, ಮತ್ತ ಖಾಲಿ. ಒಂದ್ ಸಲನೂ ನನ್ ಕೈಯಾರೆ ಒಂದು ವ್ಯಾಗನ್ ತುಂಬಿಲ್ಲ ನಾ. ನಿನ್ವು ಖಾಲಿ ತಿರುಗೋದು ನೋಡಿ... ಆಸಿ ಆತು."

ಪುಡಿ ಎಲ್ಲಿಯದು ಅಂತ ಕೇಳಿದೆ. ದಿನಾ ಬಂದು ಹೊಸ್ತಿಲ ಹತ್ತಿರ ಶೂ ಕೊಡವುತ್ತಾರಲ್ಲ, ಅದು. ಎರಡು ವಾರ ಚಹಾಪುಡಿ ಡಬ್ಬಿಯಲ್ಲಿ ಕೂಡಿಸಿದ್ದು.

ಈಗ ಹೇಳದಿದ್ದರೆ ಯಾವತ್ತೂ ಆಗದು ಅನ್ನಿಸಿತು. "ಅಪ್ಪ, ನಾನು ಹಾಸ್ಟೆಲ್‌ಗೆ ಅಪ್ಲೈ ಮಾಡಿದ್ದೆ. ಸೀಟು ಬಂದಿದೆ. ಹೂಂ ಅಂತ ಕಳಿಸಿಬಿಟ್ಟೆ."

"ಗೊತ್ತೈತಿ. ಫಾರ್ಮಿನ್ಯಾಗ ನನ್ ನಂಬರ್ ಐತಲ್ಲ. ಮೇಡಮ್ಮಾರು ಫೋನ್ ಮಾಡಿದ್ರು, ಹೋದ ವಾರ ಸೋಮವಾರ. ಕಳಿಸ್ತೀರೇನು ಅಂದ್ರು. ಆಕೀನ ಕೇಳ್ರಿ ಅಂದೆ."

ಸೋಮವಾರ ಫೋನ್. ಬುಧವಾರ ವ್ಯಾಗನ್ ತುಂಬಿದ್ದು.

"ನೀವು ಹೋಗು ಅಂತೀರಾ?"

"ಹೋಗು ಅಂತ ನಾ ಯಾವತ್ತ ಅಂದೀನವ್ವಾ? ಆರನೇತ್ತಕ್ಕೂ ಅನ್ನಲಿಲ್ಲ. ಮಾಸ್ತರು ಅಂದ್ರು, ಹುಡುಗಿ ಪರೀಕ್ಷಾ ಪಾಸಾಗ್ಯಾಳ, ಕಳಿಸ್ರಿ ಅಂದ್ರು. ನಾ ಟ್ರಂಕ್ ಹೊತ್ತೆ, ಅಷ್ಟ." ಹಿಟ್ಟಿನ ಬತ್ತಿ ಬದಲಾಯಿಸಿದರು. "ಇರು ಅನ್ನಾಕೂ ಬರಲಿಲ್ಲ ನನಗ. ಈಗರ ಬರ್ತೈತೇನು ಅಂತ ನೋಡಾಕ ಹತ್ತೀನಿ."

ಆಮೇಲೆ ಇಬ್ಬರೂ ಹಿಟ್ಟು ಒತ್ತುತ್ತ, ತೆಗೆಯುತ್ತ ಕೂತೆವು. ಎದೆ ಡವಡವ ಅನ್ನಲಿಲ್ಲ. ಕಾಯುತ್ತಿದ್ದೆ, ಅನ್ನಲೇ ಇಲ್ಲ.

11.50ಕ್ಕೆ ಮೋಟರಿಗೆ ವೈರ್ ಕೊಟ್ಟೆವು. ಗುರ್. ಚಕ್ರ ತಿರುಗಿತು. ಚೆಲ್ಲಿದ ಅದಿರು ಡಬ್ಬಿಗೆ ಬಳಿದು, ಹಳಿ ಒರೆಸಿ ಇಂಜಿನ್ ಇಟ್ಟೆವು.

"ನೀ ಹಿಡಿ ಅಪ್ಪ, ನೀನೇ ಬಿಡು," ಅಂತ ಕಂಟ್ರೋಲರ್ ಅವನ ಕೈಗೆ ಕೊಟ್ಟೆ.

ಅಕ್ಟೋಬರ್ 2, ಗುರುವಾರ. ಸಂಜೆ 5.45

ಅದಿರು ವಾಪಸ್ ವ್ಯಾಗನ್ ಏರಿತು. ಈ ಸಲ ಫೆವಿಕಾಲ್ ನೀರಿನಲ್ಲಿ ಕಲಸಿ, ಒಂದು ಹಗಲು ಒಣಗಿಸಿ. ಬೋರಲು ಹಾಕಿ ನೋಡಿದೆ, ಒಂದು ಕಣ ಉದುರಲಿಲ್ಲ. "ಇದನ್ನ ನಮ್ ಮಷೀನಿಗೆ ಹಾಕಿದ್ರ ಎಲ್ರೂ ಮನಿಗೇ," ಅಂದ ಅಪ್ಪ.

ಏಳು ತುಂಬಿದ ವ್ಯಾಗನ್ ಎಳೆಯಲು ಇಂಜಿನ್‌ಗೆ ಆಗಲಿಲ್ಲ, ಚಕ್ರ ಜಾರಿತು. ಐದಕ್ಕೆ ಎಳೆಯಿತು. ಉಳಿದೆರಡು ಸೈಡಿಂಗ್‌ನಲ್ಲಿ. ಇಂಜಿನ್ ಒಳಗೆ ಒಂದಿಷ್ಟು ಸೀಸ ಇಟ್ಟು ಭಾರ ಮಾಡಿದರೆ ಹಿಡಿತ ಬರುತ್ತದೆ, ಮುಂದಿನ ವಾರ ನೋಡಬೇಕು. ಅಪ್ಪನಿಗೆ ಇನ್ನೊಂದು ಪಾಯಿಂಟ್ ಬೇಕಂತೆ, ಆಗ ಸೈಡಿಂಗ್ ಲೂಪ್ ಆಗುತ್ತದೆ, ಎರಡೂ ಕಡೆಯಿಂದ ಗಾಡಿ ಬಿಡಬಹುದು. ಕೆಳಗೆ ಕೂತು ಪೇಪರಿನಲ್ಲಿ ಬರೆದೂ ತೋರಿಸಿದ.

ಮಧ್ಯಾಹ್ನ ಊಟದ ಟೈಮ್ ಯಾರೂ ಹೇಳಲಿಲ್ಲ. ಹಸಿವಾಯಿತು, ಉಂಡೆವು.

ಅಕ್ಟೋಬರ್ 3, ಶುಕ್ರವಾರ. ಬೆಳಿಗ್ಗೆ 9.40

ಇಂಗ್ಲಿಷ್‌ನಲ್ಲಿ ಮೂರು ಸಲ ಬರೆದೆ, ಮೂರೂ ಸಲ ರಜಾ ಅರ್ಜಿಯ ಹಾಗೆ ಬಂತು. ಇಲ್ಲಿ ಕನ್ನಡದಲ್ಲಿ ಬರೆದು, ನೋಡಿಕೊಂಡು ಟೈಪ್ ಮಾಡುತ್ತೇನೆ.

ವಾರ್ಡನ್ ಸುಧಾರಾಣಿ ಮೇಡಂ ಅವರಿಗೆ. ನಾನು ಭವ್ಯ, ಮೊದಲ ವರ್ಷ. ಸೀಟು ಬೇಕು ಅಂತ 25ಕ್ಕೆ ಕಳಿಸಿದ್ದೆ. ಆ ದಿನ ಸಿಟ್ಟಿನಲ್ಲಿದ್ದೆ. ದಯವಿಟ್ಟು ಅದನ್ನು ರದ್ದು ಮಾಡಿ. ನನ್ನ ಹಿಂದೆ ಲಿಸ್ಟ್‌ನಲ್ಲಿ ಇರುವವರಿಗೆ ಆ ಕಾಟ್ ಕೊಡಿ, ಅವರಿಗೆ ಬೇಕಾಗಿರುತ್ತದೆ. ರದ್ದು ಮಾಡುವ ಫಾರ್ಮಿನಲ್ಲಿ ಕಾರಣ ಅಂತ ಒಂದು ಕಾಲಂ ಇದೆ, ಅಲ್ಲಿ ಮನೆ ಅಂತ ಬರೆದರೆ ಸಾಕೇ? ಅಪ್ಪ ಇವತ್ತಿನಿಂದ ಮತ್ತೆ ಫಸ್ಟ್ ಶಿಫ್ಟ್, ಎರಡೂವರೆಗೆ ಮುಗಿಸಿ ಬರುತ್ತಾನೆ. ಏನೂ ಕೇಳುವುದಿಲ್ಲ, ಆದರೆ ನನ್ನ ಮುಖ ನೋಡುತ್ತಾನೆ. ಲಿಸ್ಟ್ ನಾಳೆ ಫೈನಲ್ ಅಂತ ಗೊತ್ತು. ರದ್ದಾಯಿತು ಅಂತ ಒಂದೇ ಒಂದು ಸಾಲು, ಮೇಡಂ, ಆದಷ್ಟು ಬೇಗ ಉತ್ತರ ಕೊಡಿ.