ಒಂದು ಮಂಚದ ಗಾಡಿ

ಅಲ್ ಖೌದ್, ಮಸ್ಕತ್
೨೯ ನವೆಂಬರ್ ೨೦೧೬, ಮಂಗಳವಾರ

ಮಾನ್ಯಾಳ ಪಪ್ಪನಿಗೆ,

ಮದುವೆಯಾದಂದಿನಿಂದ ನಿಮಗೆ ಬರೆದ ಪ್ರತಿ ಕಾಗದವೂ ‘ಪ್ರೀತಿಯ’ ಅಂತಲೇ ಶುರುವಾಗುತ್ತಿತ್ತು. ಇವತ್ತು ಆ ಶಬ್ದ ಬರೆಯಲಿಕ್ಕೆ ಕೈ ಬರುತ್ತಿಲ್ಲ. ಫೋನ್ ಮಾಡಿದರೆ ಎತ್ತುವುದಿಲ್ಲ. ಎತ್ತಿದರೂ ಗ್ಯಾರೇಜಿನಲ್ಲಿ ಗಲಾಟೆ, ಆಮೇಲೆ ಮಾತಾಡುವ ಅಂತ ಇಟ್ಟುಬಿಡುತ್ತೀರಿ. ಹಾಗಾಗಿ ಕಾಗದ. ನೀವು ಸಹಮ್‌ನಲ್ಲಿ ಉಳಿದುಕೊಂಡಿರುವ ಗ್ಯಾರೇಜಿನ ಯಜಮಾನ, ನಿಮ್ಮ ಜೀವದ ಗೆಳೆಯ ವಿಕ್ಟರ್, ನಾಳೆ ಮವಾಲೇಹ್ ಮಾರ್ಕೆಟಿಗೆ ಬರುತ್ತಾನಂತೆ. ಅವನ ಕೈಯಲ್ಲಿ ಕೊಡುತ್ತೇನೆ. ನಿಮ್ಮ ಎದುರಿಗೇ ನಿಂತು ಪೂರ್ತಿ ಓದಿಸಿ ಬಾ ಅಂತ ಹೇಳಿದ್ದೇನೆ.

ಮೊದಲು ಶುಕ್ರವಾರದ ವಿಷಯ. ನಮ್ಮ ಊರಿನವರ ಕೂಟದಲ್ಲಿ ಸೆಂಡ್ ಆಫ್ ಇತ್ತು. ಕಚ್ಚಾ ಎಣ್ಣೆಯ ಬೆಲೆ ಬಿದ್ದು ಕೆಲಸ ಹೋಗಲಿಕ್ಕೆ ಶುರುವಾದ ಮೇಲೆ ಊರಿಗೆ ಹೋಗುವವರು ಎಷ್ಟಾಗಿದ್ದಾರೆಂದರೆ ಒಂದೊಂದು ಮನೆಗೆ ಒಂದೊಂದು ಸಮಾರಂಭ ಮಾಡಿ ಪೂರೈಸುವುದಿಲ್ಲ. ಈಗ ಎಲ್ಲರನ್ನೂ ಸಾಲಾಗಿ ಕೂರಿಸಿ ಒಟ್ಟಿಗೆ ಶಾಲು ಹಾಕಿ ಕಳಿಸುತ್ತಾರೆ. ಪಕ್ಕದ ಫ್ಲ್ಯಾಟಿನ ಸೌಮ್ಯಶ್ರೀ ಮಕ್ಕಳನ್ನು ಕಟ್ಟಿಕೊಂಡು ಹೋಗುತ್ತಾಳೆ, ಗಂಡ ಇಲ್ಲೇ ರೂಮು ಮಾಡಿಕೊಂಡು ಬ್ಯಾಚುಲರ್ ಆಗಿ ಉಳಿಯುತ್ತಾನೆ ಅಂತ ಗೊತ್ತಿತ್ತಲ್ಲ. ಅವಳಿಗೆ ಇಷ್ಟ ಅಂತ ಹೆಸರುಬೇಳೆ ಪಾಯಸ ಮಾಡಿಕೊಂಡು ಹೋಗಿದ್ದೆ. ಪಾತ್ರೆ ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಕಾರ್ಯದರ್ಶಿ ಕೊಗ್ಗಣ್ಣ ಮೈಕಿನಲ್ಲಿ ಸೌಮ್ಯಶ್ರೀಯ ಹೆಸರು ಕರೆದರು, ಚಪ್ಪಾಳೆ ತಟ್ಟಿದೆ. ಮುಂದಿನ ಹೆಸರು ‘ಶ್ರೀಮತಿ ಲೋಲಾಕ್ಷಿ ಸುಮಿತ್ ಮತ್ತು ಕುಮಾರಿ ಮಾನ್ಯಾ’. ಬೇರೆ ಯಾರೋ ಲೋಲಾಕ್ಷಿ ಇರಬೇಕು ಅಂತ ನಾನು ಹಿಂದೆ ತಿರುಗಿ ನೋಡಿದೆ.

ನೋಡಿದರೆ ಸಭೆಯಿಡೀ ನನ್ನನ್ನೇ ನೋಡುತ್ತಿದೆ. ಕೊಗ್ಗಣ್ಣ ನನ್ನ ನೀರುದೋಸೆಯನ್ನು ಹೊಗಳುತ್ತಿದ್ದಾರೆ, ಇನ್ನು ಕೂಟದ ಅಡುಗೆಗೆ ಯಾರು ಗತಿ ಅನ್ನುತ್ತಿದ್ದಾರೆ. ಹೋದೆ. ಶಾಲು ಹಾಕಿಸಿಕೊಂಡೆ, ಹಣ್ಣಿನ ಬುಟ್ಟಿ ಹಿಡಿದುಕೊಂಡೆ. ಫೋಟೋದಲ್ಲಿ ನಗುತ್ತಲೂ ಇದ್ದೇನೆ, ನಿಮ್ಮ ವಾಟ್ಸ್ಯಾಪಿಗೂ ಬಂದಿರಬೇಕು. ಕೆಳಗಿಳಿದು ಕೊಗ್ಗಣ್ಣನನ್ನು ಬದಿಗೆ ಕರೆದು ಕೇಳಿದರೆ, ಎಂತ ಮಾರಾಯ್ತಿ, ಸುಮಿತನೇ ಫೋನ್ ಮಾಡಿ ನಿಮ್ಮ ಹೆಸರು ಸೇರಿಸ್ಲಿಕ್ಕೆ ಹೇಳಿದ್ದಲ್ವಾ, ನಿನಗೆ ಗೊತ್ತೇ ಇಲ್ವಾ ಅಂತ ಅವರೇ ಬೆಪ್ಪಾದರು. ಗೊತ್ತುಂಟು, ಇವತ್ತೇ ಅಂತ ಮರೆತುಹೋಗಿತ್ತು ಅಂದೆ. ನಿಮ್ಮ ಮರ್ಯಾದೆ ಉಳಿಸಲಿಕ್ಕೆ ಅಷ್ಟು ಸುಳ್ಳು ಹೇಳಿದೆ. ಮನೆಗೆ ಬಂದು ಬಾತ್‌ರೂಮಿನ ನಲ್ಲಿ ಬಿಟ್ಟುಕೊಂಡು ಅತ್ತೆ.

ನಿಮ್ಮ ಯೋಚನೆ ಹೇಗೆ ಓಡಿರಬಹುದು ಅಂತ ನನಗೆ ಗೊತ್ತು. ಶಾಲು ಹೊದಿಸಿಕೊಳ್ಳದೆ ಊರಿಗೆ ಹೋದವರನ್ನು ನಮ್ಮವರು ಓಡಿಹೋದವರು ಅನ್ನುತ್ತಾರೆ. ಹೆಂಡತಿಗೆ ಆ ಅವಮಾನ ಆಗಬಾರದು ಅಂತ ಹೆಸರು ಕೊಟ್ಟಿರಿ. ಶುಕ್ರವಾರದ ಒಳಗೆ ಹೇಳಿದರಾಯಿತು ಅಂದುಕೊಂಡಿರಿ, ಬಾಯಿ ಬರಲಿಲ್ಲ. ಇಷ್ಟೇ ಆಗಿರಬೇಕು. ಆದರೂ ನನಗೆ ಮೈಯೆಲ್ಲ ಉರಿಯುತ್ತದೆ. ಕಳಿಸುವ ವಿಷಯ ಕಾರ್ಯದರ್ಶಿಗೆ ಗೊತ್ತು, ಶಾಲು ತಂದವನಿಗೆ ಗೊತ್ತು, ಹೋಗಬೇಕಾದವಳಿಗೆ ಗೊತ್ತಿಲ್ಲ. ಮಾನ್ಯಾಳಿಗೆ ನಾನೇ ಹೇಳಬೇಕಾಯಿತು. ಅವಳು ಅಳಲಿಲ್ಲ. ಐ ಆಮ್ ನಾಟ್ ಲಗೇಜ್ ಅಂದಳು, ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಇನ್ನು ಗಾಡಿಯ ವಿಷಯ. ಕಂಪನಿ ನಿಮ್ಮನ್ನು ಕೆಲಸದಿಂದ ತೆಗೆದದ್ದು ನಿಮ್ಮ ತಪ್ಪಲ್ಲ ಅಂತ ಆವತ್ತೇ ಹೇಳಿದ್ದೇನೆ, ಇವತ್ತೂ ಹೇಳುತ್ತೇನೆ. ಡಿಸೆಂಬರ್ ಮುಗಿಯುವಾಗ ಕಂಪನಿಯ ಫ್ಲ್ಯಾಟ್ ಬಿಡಬೇಕು ಅಂದಾಗ ಹಳೆಯ ಮೋಟರ್‌ಹೋಮ್ ಒಂದನ್ನು ತೆಗೆದುಕೊಳ್ಳುವ ಅಂತ ಹೇಳಿದ್ದು ನೀವೇ. ಅದೇ ಮನೆ, ಅದೇ ಅಂಗಡಿ. ಚಳಿಗಾಲದಲ್ಲಿ ಮರಳುಗಾಡಿನ ಅಂಚಿನಲ್ಲಿ ನಿಲ್ಲಿಸುವುದು, ಹಿಂದಿನ ಟ್ರೈಲರಿನಿಂದ ನಮ್ಮ ಫೋರ್ ವೀಲ್ ಡ್ರೈವ್ ಕಾರು ಇಳಿಸಿ ಬಂದವರನ್ನು ಮರಳ ದಿಬ್ಬಕ್ಕೆ ಹತ್ತಿಸುವುದು, ಸಂಜೆ ನನ್ನ ಕೈಯ ಕೋರಿ ರೊಟ್ಟಿ. ಇವರಿಗೆ ತಲೆ ಕೆಟ್ಟಿದೆ ಅಂತ ಮೊದಲು ಅನ್ನಿಸಿತು. ಆಮೇಲೆ ನನಗೂ ಹುಚ್ಚು ಹಿಡಿಯಿತು. ಎಷ್ಟು ಶುಕ್ರವಾರ ಬಿಸಿಲಲ್ಲಿ ಅಲೆದೆವು, ನೆನಪು ಮಾಡಿಕೊಳ್ಳಿ. ದೇಶ ಬಿಟ್ಟು ಹೋಗುವ ಬಿಳಿಯರೆಲ್ಲ ಗಾಡಿ ಮಾರಲಿಕ್ಕೆ ಇಟ್ಟಿದ್ದರು. ನೀವು ಬಗ್ಗಿ ಕೆಳಗೆ ನುಗ್ಗಿ ಟ್ರೈಲರ್ ಕಟ್ಟುವ ಕೊಕ್ಕೆ ನೋಡುತ್ತಿದ್ದಿರಿ, ಗಾಡಿ ಎಷ್ಟು ತೂಕ ತಡೆಯುತ್ತದೆ ಅಂತ ಬಾಗಿಲ ಹತ್ತಿರದ ತಗಡಿನಲ್ಲಿ ಓದುತ್ತಿದ್ದಿರಿ. ನಾನು ಒಲೆ ಹಚ್ಚಿ ನೋಡುತ್ತಿದ್ದೆ, ದೇವರ ಫೋಟೋಕ್ಕೆ ಜಾಗ ಹುಡುಕುತ್ತಿದ್ದೆ. ಮಾನ್ಯಾ ಶೂ ಬಿಚ್ಚಿ ಮೇಲಿನ ಮಂಚ ಹತ್ತಿ ಮಲಗಿಬಿಡುತ್ತಿದ್ದಳು.

ಮವಾಲೇಹ್‌ನ ಮೈಕಲ್ ಸಾಹೇಬರ ಗಾಡಿ ನಮಗೆ ಮೂವರಿಗೂ ಹಿಡಿಸಿತ್ತು. ನಾಲ್ಕು ಜನ ಮಲಗಬಹುದು, ಫ್ರಿಜ್ ಉಂಟು, ಒಲೆಯ ಪಕ್ಕ ಕಿಟಕಿ ಉಂಟು. ಆದರೆ ಅದು ಹಿಂದಿನ ಚಕ್ರದ ಆಚೆಗೂ ಉದ್ದಕ್ಕೆ ಚಾಚಿಕೊಂಡಿದೆ, ಅಲ್ಲಿ ಕೊಕ್ಕೆ ಹಾಕಿ ಕಾರು ಎಳೆದರೆ ಅಡಿಯ ಕಬ್ಬಿಣ ಬಗ್ಗುತ್ತದೆ ಅಂತ ಮೈಕಲ್ಲೇ ಹೇಳಿದ. ನೀರಿನ ಟ್ಯಾಂಕ್ ತುಂಬಿಸಿ ನಿನ್ನ ಹೆಂಡತಿಯ ರುಬ್ಬುವ ಕಲ್ಲೂ ಅಕ್ಕಿಮೂಟೆಯೂ ಏರಿದರೆ ಅದು ಹೊರುವ ತೂಕ ಅಲ್ಲಿಗೇ ಮುಗಿಯಿತು, ಟ್ರೈಲರ್ ಕಟ್ಟಿ ಮರಳುಗಾಡಿನ ದಾರಿಯ ಫಂಜಾದ ಏರು ಹತ್ತಿಸಬೇಡ, ಇಳಿಯುವಾಗ ಬ್ರೇಕ್ ನಿಲ್ಲುವುದಿಲ್ಲ ಅಂದ. ಮಾರುವವನೇ ಬೇಡ ಅನ್ನುತ್ತಿದ್ದಾನೆ, ಒಳ್ಳೆಯವನು ಅಂದುಕೊಂಡೆ. ನೀವೂ ತಲೆಯಾಡಿಸಿ ಬಂದಿರಿ. ಎಳೆಯುವಂಥ ಬೇರೆ ಗಾಡಿ ಹುಡುಕಿಕೊಂಡು ಬರುತ್ತೇನೆ ಅಂತ ಸಹಮ್‌ಗೆ ಹೋದಿರಿ. ಮೂರು ವಾರವಾಯಿತು.

ಶನಿವಾರ ನಿಮ್ಮ ಗಾಡಿಯ ಫೋಟೋ ಬಂತು. ಲಾರಿಯ ಮುಂಭಾಗ, ಗಟ್ಟಿ ಕೊಕ್ಕೆ, ಎಂಥ ಭಾರವನ್ನೂ ಎಳೆಯುತ್ತದೆ, ರಸ್ತೆ ಕೆಲಸದ ಎಂಜಿನಿಯರನದು, ಮುಂದಿನ ಭಾನುವಾರ ಹೆಸರಿಗೆ ಮಾಡಿಸಿಕೊಳ್ಳುತ್ತೇನೆ ಅಂತ ಬರೆದಿದ್ದಿರಿ. ಸೆಂಡ್ ಆಫ್ ಆಗಿ ಒಂದು ದಿನ ಆಗಿತ್ತು, ಅದರ ಬಗ್ಗೆ ಒಂದಕ್ಷರ ಇಲ್ಲ. ಒಳಗಿನ ಫೋಟೋ ನೋಡಿದೆ. ಒಂದೇ ಮಂಚ, ಅಡ್ಡಕ್ಕೆ. ಒಬ್ಬರು ಕಾಲು ಚಾಚಿದರೆ ಮುಗಿಯಿತು. ಮುಂದೆ ಎರಡು ಸೀಟು. ಒಲೆ ಇರಬೇಕಾದಲ್ಲಿ ಸಾಮಾನಿನ ಪೆಟ್ಟಿಗೆ. ಆಗ ನನಗೆ ಎಲ್ಲ ಅರ್ಥವಾಯಿತು. ನೋಡಿದ ಪ್ರತಿ ಗಾಡಿಗೂ ನೀವು ಕೇಳಿದ್ದು ಇದು ಕಾರನ್ನು ಎಳೆಯುತ್ತದಾ ಅಂತ. ನಾವು ಎಲ್ಲಿ ಮಲಗುವುದು ಅಂತ ನೀವು ಒಂದು ಸಲವೂ ಕೇಳಿರಲಿಲ್ಲ. ಕೇಳುವುದು ನನ್ನ ಕೆಲಸ ಅಂತ ನಾನು ಅಂದುಕೊಂಡಿದ್ದೆ. ಎಂಥ ದಡ್ಡಿ ನಾನು.

ಭಾನುವಾರ ವಿಕ್ಟರನಿಗೆ ಫೋನ್ ಮಾಡಿ ಜೋರು ಮಾಡಿದೆ. ಪಾಪ, ಅವನು ಬಾಯಿಬಿಟ್ಟ. ಅವನಿಗೆ ವೀಸಾ ಕೊಟ್ಟ ಒಮಾನಿ ಕಫೀಲ್ ನಿಮಗೂ ವೀಸಾ ಕೊಡುತ್ತಾನೆ, ಆದರೆ ಅದರಲ್ಲಿ ಬರೆಯುವ ಸಣ್ಣ ಸಂಬಳಕ್ಕೆ ಫ್ಯಾಮಿಲಿ ವೀಸಾ ಆಗುವುದಿಲ್ಲ. ಈ ವಿಷಯ ನಿಮಗೆ ಸೆಪ್ಟೆಂಬರಿನಲ್ಲೇ ಗೊತ್ತಿತ್ತಂತೆ. ಅಂದರೆ ಅಕ್ಟೋಬರಿನ ಶುಕ್ರವಾರಗಳಲ್ಲಿ ನಾನು ಒಲೆ ನೋಡುವಾಗ, ಮಗಳು ಮಂಚ ಹತ್ತುವಾಗ, ನಿಮಗೆ ಗೊತ್ತಿತ್ತು. ನಮ್ಮ ಕಿವಿಯ ಮೇಲೆ ಹೂವಿಟ್ಟು ಅಷ್ಟು ದಿನ ಸುತ್ತಿಸಿದಿರಿ. ಬೈದರೂ ಸಹಿಸುತ್ತಿದ್ದೆ, ಇದನ್ನು ಹೇಗೆ ಸಹಿಸಲಿ ಹೇಳಿ. ಸುಮ್ಮನೆ ಲೋಲಾಕ್ಷಿಯ ಖುಷಿ ನೋಡುವ ಅಂತ ಕರೆದುಕೊಂಡು ಹೋದದ್ದು ಅಂತ ನೀವು ವಿಕ್ಟರನ ಹತ್ತಿರ ಹೇಳಿದಿರಂತೆ. ಅದನ್ನು ಕೇಳಿ ನನಗೆ ಇನ್ನೂ ಸಿಟ್ಟು ಬಂತು. ಸಿಟ್ಟಿನ ಜೊತೆ ಅಳುವೂ ಬಂತು.

ನಾನು ಹೋಗುವುದಿಲ್ಲ. ಇದನ್ನು ಜಗಳಕ್ಕೆ ಹೇಳುತ್ತಿಲ್ಲ. ಮಾನ್ಯಾಳ ಎಂಟನೆಯ ಕ್ಲಾಸು ಅರ್ಧಕ್ಕೆ ಬಂದಿದೆ. ನಿಮ್ಮ ಅಣ್ಣನ ಮನೆಯ ಹಿಂದಿನ ಕೋಣೆಯಲ್ಲಿ ಕೂತು ತಿಂಗಳಿಗೊಮ್ಮೆ ನಿಮ್ಮ ಫೋನಿಗೆ ಕಾಯುವ ಜನ್ಮ ನನಗೆ ಬೇಡ. ಸೌಮ್ಯಶ್ರೀಯ ಗಂಡನನ್ನು ನೋಡಿ, ಹೆಂಡತಿ ಇನ್ನೂ ವಿಮಾನ ಹತ್ತಿಲ್ಲ, ಅವನು ಆಗಲೇ ಹೋಟೆಲಿನ ಪರೋಟ ಕಟ್ಟಿಸಿಕೊಂಡು ಮೆಟ್ಟಿಲು ಹತ್ತುತ್ತಾನೆ. ನೀವು ಆ ಒಂದು ಮಂಚದಲ್ಲಿ ಹೇಗಿರುತ್ತೀರಿ ಅಂತ ನನಗೆ ಗೊತ್ತು. ತಿಂಗಳಾಗುವುದರೊಳಗೆ ಬಿಪಿ ಮಾತ್ರೆ ಮರೆಯುತ್ತೀರಿ, ಎರಡನೆಯ ತಿಂಗಳಿಗೆ ಮಾತಾಡುವುದನ್ನೂ ಮರೆಯುತ್ತೀರಿ.

ನರ್ಸರಿ ಶಾಲೆಯ ಜಮೀಲಾ ಮೇಡಂ ಎರಡು ವರ್ಷದಿಂದ ಕೆಲಸಕ್ಕೆ ಕರೆಯುತ್ತಿದ್ದರಲ್ಲ, ನಿನ್ನೆ ಸೋಮವಾರ ಅವರನ್ನು ಕಂಡು, ಸೇರುತ್ತೇನೆ ಅಂತ ಒಪ್ಪಿಕೊಂಡೆ. ನನ್ನ ವೀಸಾ ಅವರೇ ಮಾಡುತ್ತಾರೆ. ಮಗಳನ್ನು ನನ್ನ ಹೆಸರಿಗೆ ಸೇರಿಸಲಿಕ್ಕೆ ಆಗುತ್ತದಾ ಅಂತ ವಿಚಾರಿಸುತ್ತಿದ್ದಾರೆ. ಆಗದಿದ್ದರೆ ಬೇರೆ ದಾರಿ ಹುಡುಕುವ. ಹುಡುಕುವಾಗ ಮೂವರೂ ಒಂದೇ ಮೇಜಿನ ಸುತ್ತ ಕೂತಿರಬೇಕು, ಅಷ್ಟೇ ನಾನು ಕೇಳುವುದು. ಶಾಲೆಯ ಹಿಂದೆ ಗೋಡೆ ಕಟ್ಟಿದ ಖಾಲಿ ಜಾಗ ಉಂಟು, ಗಾಡಿ ನಿಲ್ಲಿಸಲಿಕ್ಕೆ ಮೇಡಂ ಒಪ್ಪಿದ್ದಾರೆ, ಕರೆಂಟು ನೀರು ಅಲ್ಲಿಂದಲೇ.

ನಿಮ್ಮ ವ್ಯಾಪಾರದ ಬಗ್ಗೆಯೂ ಒಂದು ಮಾತು. ಮಸ್ಕತ್‌ನಲ್ಲಿ ಮರಳು ಹತ್ತುವ ಕಾರು ಯಾರ ಮನೆಯಲ್ಲಿಲ್ಲ? ನಮ್ಮ ಕೂಟದಲ್ಲೇ ಅರ್ಧ ಜನರಿಗೆ ಉಂಟು. ಅವರು ತಮ್ಮ ಕಾರಿನಲ್ಲೇ ಬರುತ್ತಾರೆ, ದಿಬ್ಬ ಹತ್ತಿ ಇಳಿದು ಮೈಯೆಲ್ಲ ಮರಳು ಮಾಡಿಕೊಂಡು ಹಸಿದು ಕೂರುತ್ತಾರೆ. ಆಗ ಅಲ್ಲಿ ಬಿಸಿ ಬಿಸಿ ಮೀನುಸಾರು ಅನ್ನ ಸಿಗುವುದಿಲ್ಲ. ಅದನ್ನು ಕೊಡುವವಳನ್ನೇ ಊರಿಗೆ ಕಳಿಸಿ, ಅವರ ಹತ್ತಿರ ಇರುವಂಥದ್ದನ್ನೇ ಎಳೆದುಕೊಂಡು ಹೋಗಲಿಕ್ಕೆ ಹೊರಟಿದ್ದೀರಿ. ಇಷ್ಟು ವರ್ಷ ಕಂಪನಿಗೆ ಬುದ್ಧಿ ಹೇಳಿದವರು ಮನೆಯಲ್ಲಿ ಒಂದು ಮಾತು ಕೇಳಿದ್ದರೆ ಗಂಟೇನು ಹೋಗುತ್ತಿತ್ತು?

ಹೆದರಿಕೆಯಾಯಿತು ಅಂತ ಹೇಳಿ, ನಾನು ಬೈಯುವುದಿಲ್ಲ. ಹೆಂಡತಿ ಮಗಳನ್ನು ಸಾಕಲಿಕ್ಕೆ ಆಗುವುದಿಲ್ಲವೇನೋ ಅಂತ ನಿದ್ದೆ ಬರುತ್ತಿಲ್ಲ ಅಂತ ಹೇಳಿ, ಪಕ್ಕದಲ್ಲಿ ಕೂರುತ್ತೇನೆ. ಹೇಳದೆ ಶಾಲು ಹೊದಿಸಿದ್ದನ್ನು ಮಾತ್ರ ನಾನು ಬೇಗ ಮರೆಯುವುದಿಲ್ಲ, ಅದಕ್ಕೆ ಸ್ವಲ್ಪ ಕಾಲ ಬೇಕು. ಭಾನುವಾರದ ಮೊದಲು ಬನ್ನಿ.

ಸಿಟ್ಟು ಇಳಿಯದಿದ್ದರೂ ನಿಮ್ಮವಳೇ ಆದ,
ಲೋಲಾಕ್ಷಿ

ತಾ.ಕ.: ಕಾರು ಒಯ್ಯಲಿಕ್ಕೆ ಟ್ರೈಲರ್ ತರಬೇಡಿ. ನಮ್ಮ ಮದುವೆಯ ಹತ್ತನೆಯ ವರ್ಷಕ್ಕೆ ನೀವು ಆ ಕಾರನ್ನು ನನ್ನ ಹೆಸರಿನಲ್ಲೇ ಮಾಡಿಸಿದ್ದು, ಮರೆತಿರಬೇಕು. ಇವತ್ತು ಬೆಳಿಗ್ಗೆ ಟ್ರಾಫಿಕ್ ಆಫೀಸಿಗೆ ಹೋಗಿ ಮಾರಿ ಬಂದೆ. ಹೌದು, ನಿಮ್ಮನ್ನು ಕೇಳಲಿಲ್ಲ. ಅಲ್ಲಿಂದ ಸೀದಾ ಮವಾಲೇಹ್‌ಗೆ ಹೋಗಿ ಮೈಕಲ್ ಸಾಹೇಬರ ಗಾಡಿಗೆ ಮುಂಗಡ ಕೊಟ್ಟೆ. ಈ ಗಾಡಿ ಏನನ್ನೂ ಎಳೆಯುವುದಿಲ್ಲ, ನೆನಪುಂಟಲ್ಲ ಅಂತ ಅವನು ಇನ್ನೊಮ್ಮೆ ಎಚ್ಚರಿಸಿದ. ಎಳೆಯಲಿಕ್ಕೆ ಈಗ ನಮ್ಮ ಹತ್ತಿರ ಏನೂ ಇಲ್ಲ ಅಂದೆ. ಒಳಗೆ ಎಷ್ಟು ಜನ ಇರುತ್ತೀರಿ, ಹಾಸಿಗೆ ಅಷ್ಟು ಬಿಟ್ಟುಹೋಗುತ್ತೇನೆ ಅಂತ ಕೇಳಿದ. ಮೂವರು ಅಂದೆ. ಆ ಮಾತು ಸುಳ್ಳು ಮಾಡಬೇಡಿ.